ಕೋಚಿಂಗ್‌ಗೆ ಹಣ ಕಟ್ಟುವ ಮೊದಲು

ಎಸ್‌ಎಸ್‌ಎಲ್‌ಸಿ ಕೊನೆಯ ಪರೀಕ್ಷೆ ಬರೆದು ಮಕ್ಕಳು ಶಾಲೆಯ ಗೇಟು ದಾಟುವ ಹೊತ್ತಿಗೆ ಕೈಗೊಂದು ಕರಪತ್ರ ಬಂದಿರುತ್ತದೆ. ಕೋಲಾರ ಜಿಲ್ಲೆಯ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಸ್ ನಿಲ್ದಾಣದ ಸುತ್ತ ‘ಇಂಟಿಗ್ರೇಟೆಡ್ ಪಿಯು’, ‘ನೀಟ್ ಫೌಂಡೇಶನ್’, ‘ಬೇಸಿಗೆ ಬ್ರಿಡ್ಜ್ ಕೋರ್ಸ್’ ಎಂಬ ಫ್ಲೆಕ್ಸ್‌ಗಳು ಏಳುತ್ತವೆ. ಫಲಿತಾಂಶ ಬರುವ ಮೊದಲೇ ಅಡ್ವಾನ್ಸ್ ಕಟ್ಟಿಸಿಕೊಳ್ಳುವವರೂ ಇದ್ದಾರೆ. ಹಾಲು ಹಾಕಿ, ಟೊಮೆಟೊ ಬೆಳೆದು, ನರಸಾಪುರದ ಕಾರ್ಖಾನೆಗಳಲ್ಲಿ ದುಡಿದು ಸಂಸಾರ ತೂಗಿಸುವ ತಂದೆತಾಯಿಗೆ ಇದೊಂದೇ ದಾರಿ ಎಂಬಂತೆ ಕಾಣುತ್ತದೆ. ಸಾಲ ಮಾಡಿಯಾದರೂ ಕಟ್ಟುತ್ತಾರೆ. ಮಾಸ್ತಿ ಹೋಬಳಿಯಂಥ ಕಡೆಯ ಮಗುವಿನ ಕಾಲೇಜು ಸೀಟನ್ನು ಮಾತ್ರ ಈ ಬೇಸಿಗೆ ತರಗತಿಗಳಿಗಿಂತ ಹೆಚ್ಚಾಗಿ ನಿರ್ಧರಿಸುವುದು ಎಂಟನೇ ತರಗತಿಯ ಹೊತ್ತಿಗೆ ಮನೆಯಲ್ಲಿ ತೆಗೆದುಕೊಂಡ ಎರಡು ಮೂರು ತೀರ್ಮಾನಗಳು. ಆ ತೀರ್ಮಾನಗಳ ಬೆಲೆ ಎಷ್ಟೆಂದು ಆಗ ಯಾರೂ ಅವರಿಗೆ ಹೇಳಿರುವುದಿಲ್ಲ.

ಮೊದಲನೆಯದು ಶಾಲೆ ಎಲ್ಲಿದೆ ಎಂಬ ಪ್ರಶ್ನೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ವೃತ್ತಿಪರ ಕೋರ್ಸುಗಳ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಒಂದರಿಂದ ಹತ್ತನೇ ತರಗತಿಯವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಇಲ್ಲವೇ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು ಎಂಬುದು ಷರತ್ತು. ಮುಖ್ಯೋಪಾಧ್ಯಾಯರು ಬರೆದುಕೊಡುವ ಪ್ರಮಾಣಪತ್ರದಲ್ಲಿ ತರಗತಿ, ವರ್ಷ, ಶಾಲೆ, ಊರು ಎಲ್ಲ ನಮೂದಾಗಬೇಕು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೀಳಬೇಕು. ಒಂದು ವರ್ಷ ತಪ್ಪಿದರೂ ಹಕ್ಕು ಹೋಯಿತು. ಮಾಸ್ತಿಯಲ್ಲೇ ಹತ್ತನೇ ತರಗತಿ ಮುಗಿಸಿದ ಹುಡುಗಿಗೆ ಗ್ರಾಮೀಣ ಮೀಸಲಾತಿ ಉಳಿಯುತ್ತದೆ. ಏಳರವರೆಗೆ ಅದೇ ಊರಲ್ಲಿ ಓದಿ, ‘ಒಳ್ಳೆಯ ಇಂಗ್ಲಿಷ್ ಶಾಲೆ’ ಎಂದು ಎಂಟಕ್ಕೆ ಮಾಲೂರು ಪಟ್ಟಣಕ್ಕೆ ಹೋದ ಅವಳ ಗೆಳತಿ ಗ್ರಾಮೀಣ ಸೀಟನ್ನೂ ಕನ್ನಡ ಮಾಧ್ಯಮದ ಸೀಟನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತಾಳೆ. ಆಂಧ್ರದ ಗಡಿಗೆ ಅಂಟಿಕೊಂಡ ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಮನೆಮಾತು ಕನ್ನಡವಲ್ಲವಾದ್ದರಿಂದ ಕನ್ನಡ ಮಾಧ್ಯಮದ ಸೀಟು ತಮಗಲ್ಲ ಎಂದು ಅವರು ಹಿಂಜರಿಯಬೇಕಿಲ್ಲ. ನಿಯಮ ನೋಡುವುದು ಶಾಲೆಯ ಮಾಧ್ಯಮವನ್ನು ಮಾತ್ರ.

ಎರಡನೆಯದು ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗಾಗಿ ನಡೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಅನುದಾನರಹಿತ ಖಾಸಗಿ ಶಾಲೆ ಸೇರಿದ ಮಗುವಿಗೆ ಈ ಬಾಗಿಲೂ ಮುಚ್ಚುತ್ತದೆ. ಈ ಪರೀಕ್ಷೆಯ ಪ್ರಶ್ನೆಗಳಲ್ಲಿ ಅರ್ಧ ಬೌದ್ಧಿಕ ಸಾಮರ್ಥ್ಯಕ್ಕೆ, ಇನ್ನರ್ಧ ಪಠ್ಯಕ್ಕೆ ಸೇರಿದವು. ಮುಂದೆ ಬರೆಯಬೇಕಾದ ಎಲ್ಲ ಸ್ಪರ್ಧಾ ಪರೀಕ್ಷೆಗಳಿಗೂ ಇದು ಒಳ್ಳೆಯ ತಾಲೀಮು. ಹಣ ಕೊಟ್ಟು ‘ಫೌಂಡೇಶನ್’ ಸೇರಿಸುವ ಬದಲು ಸರ್ಕಾರವೇ ಹಣ ಕೊಡುವ ಫೌಂಡೇಶನ್ ಪರೀಕ್ಷೆಗೆ ಮಗುವನ್ನು ಕೂರಿಸುವುದು ಲೇಸಲ್ಲವೇ?

ಇನ್ನು ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಲೆಕ್ಕ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಸಿಇಟಿ ಅಂಕಗಳ ಅರ್ಧ, ದ್ವಿತೀಯ ಪಿಯುವಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳ ಅರ್ಧ ಸೇರುತ್ತವೆ. ಪಿಯುವಿನ ಈ ಮೂರು ವಿಷಯಗಳಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ತೆಗೆದವರ ಒಟ್ಟು ನೂರಕ್ಕೆ 70. ವರ್ಷವಿಡೀ ಕೋಚಿಂಗ್‌ನಲ್ಲಿ ಮುಳುಗಿ ಸಿಇಟಿಯಲ್ಲಿ 117 ತೆಗೆದು, ಪಿಯು ಪಾಠವನ್ನು ಕಡೆಗಣಿಸಿ 300ಕ್ಕೆ 210ರಲ್ಲಿ ನಿಂತವರದು 67.5. ಅಂದರೆ ಸಿಇಟಿಯಲ್ಲಿ 27 ಪ್ರಶ್ನೆಗಳಿಗೆ ಹೆಚ್ಚು ಸರಿಯುತ್ತರ ಬರೆದವರೂ ಹಿಂದೆಯೇ ಉಳಿದರು. ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಿಸುವ ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರು ಈ ಲೆಕ್ಕದಲ್ಲಿ ಯಾವ ಕೋಚಿಂಗ್ ಸಂಸ್ಥೆಗೂ ಕಡಿಮೆಯಲ್ಲ. ರಾಜ್ಯ ಮಂಡಳಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿರುವುದರಿಂದ ಒಂದು ವಿಷಯದಲ್ಲಿ ಎಡವಿದವರಿಗೂ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ.

‘ಇದೆಲ್ಲ ಎಂಜಿನಿಯರಿಂಗ್‌ಗೆ ಸರಿ, ಡಾಕ್ಟರ್ ಆಗಬೇಕೆನ್ನುವವರಿಗೆ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ವೈದ್ಯಕೀಯಕ್ಕೆ ನೀಟ್ ಅಂಕವೊಂದೇ ಆಧಾರ, ಪಿಯು ಅಂಕ ಅರ್ಹತೆಗಷ್ಟೇ ಬೇಕು. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ. ಅವುಗಳಲ್ಲೂ ಸಾಮಾನ್ಯ ಕುಟುಂಬಕ್ಕೆ ನಿಲುಕುವುದು ಸರ್ಕಾರಿ ಶುಲ್ಕದ ಸೀಟುಗಳು ಮಾತ್ರ. ಈ ಪೈಪೋಟಿಗೆ ವಿಶೇಷ ತಯಾರಿ ಬೇಕೆಂಬುದನ್ನು ಅಲ್ಲಗಳೆಯುವಂತಿಲ್ಲ. ಜೀವಶಾಸ್ತ್ರದಲ್ಲಿ ನಿಜವಾದ ಆಸಕ್ತಿ, ದಿನಕ್ಕೆ ಹಲವು ಗಂಟೆ ಕೂತು ಓದುವ ಛಲ ಎರಡೂ ಇರುವ ಮಗುವಿಗೆ ಪಿಯು ಹಂತದಲ್ಲಿ ತರಬೇತಿ ಕೊಡಿಸುವುದರಲ್ಲಿ ತಪ್ಪಿಲ್ಲ. ಆದರೆ ಎಂಟು, ಒಂಬತ್ತನೇ ತರಗತಿಯ ಬೇಸಿಗೆ ರಜೆಗೇ ಅದನ್ನು ಎಳೆದು ತರಬಾರದು. ಹದಿನಾರು ತುಂಬದವರನ್ನು, ಹತ್ತನೇ ತರಗತಿ ಪರೀಕ್ಷೆ ಮುಗಿಸದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ರ್‍ಯಾಂಕ್ ಗ್ಯಾರಂಟಿ ಎಂದು ಹುಸಿ ಭರವಸೆ ಕೊಡಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿಗೆ ಕಾನೂನಿನ ಬಲವಿಲ್ಲ, ಜಾರಿ ರಾಜ್ಯಗಳ ಕೈಯಲ್ಲಿದೆ. ಹಾಗಿದ್ದರೂ ಎಳೆಯ ಮಗುವನ್ನು ಸೇರಿಸಿಕೊಳ್ಳುತ್ತೇವೆ ಎನ್ನುವವರನ್ನು ಈ ಮಾರ್ಗಸೂಚಿ ಮುಂದಿಟ್ಟು ಪ್ರಶ್ನಿಸುವ ಹಕ್ಕು ಪ್ರತಿಯೊಬ್ಬ ಪೋಷಕರಿಗೂ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೀಸಲಾತಿಗಾಗಿ ಮಗುವನ್ನು ಗಣಿತದ ಮೇಷ್ಟ್ರೇ ಇಲ್ಲದ ಹಳ್ಳಿ ಶಾಲೆಯಲ್ಲಿ ಕೂರಿಸಬೇಕೇ? ಖಂಡಿತ ಬೇಡ. ಶಿಕ್ಷಕರಿಲ್ಲದ ಕಡೆ ಹತ್ತು ವರ್ಷ ಕಳೆದು ಸಿಗುವ ಶೇ 15ರ ಪಾಲು ಯಾರನ್ನೂ ದಡ ಸೇರಿಸುವುದಿಲ್ಲ. ಹೊರಗೆ ಕಳಿಸುವವರು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದು ಕಳಿಸಲಿ, ಪಟ್ಟಣಕ್ಕೆ ಬದಲು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇರುವ ಒಳ್ಳೆಯ ಪ್ರೌಢಶಾಲೆ ಹತ್ತಿರದಲ್ಲಿ ಇದೆಯೇ ಎಂದು ಒಮ್ಮೆ ವಿಚಾರಿಸಲಿ ಎಂಬುದಷ್ಟೇ ಮಾತು. ಖಾಲಿ ಹುದ್ದೆ ತುಂಬುವ ಹೊಣೆ ಸರ್ಕಾರದ್ದು. ಅದರ ದಂಡವನ್ನು ಮಗು ತೆರಬಾರದು. ಮಾಸ್ತಿಯಿಂದ ಕೂಗಳತೆಯಲ್ಲಿರುವ ತಮಿಳುನಾಡು, ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2020ರಲ್ಲಿ ವೈದ್ಯಕೀಯದಲ್ಲೂ ಮರುವರ್ಷ ಎಂಜಿನಿಯರಿಂಗ್‌ನಲ್ಲೂ ಶೇ 7.5 ಒಳಮೀಸಲಾತಿ ಕೊಟ್ಟಿತು. ಗಡಿಯ ಈಚೆಗಿನ ಮಕ್ಕಳಿಗೆ ಅಂಥದ್ದಿಲ್ಲ. ಇರುವ ಎರಡು ಸೌಲಭ್ಯಗಳನ್ನೂ ಗೊತ್ತಿಲ್ಲದೆ ಕಳೆದುಕೊಂಡರೆ ಅದಕ್ಕಿಂತ ನಷ್ಟ ಬೇರೊಂದಿಲ್ಲ.

ಹಾಗಾದರೆ ಬೇಸಿಗೆಯಲ್ಲಿ ಮಕ್ಕಳು ಮಾಡುವುದೇನು? ಅಮೆರಿಕದ ಕಾಲೇಜುಗಳು ಅರ್ಜಿಯಲ್ಲಿ ಬೇಸಿಗೆ ಶಿಬಿರ, ಸೇವೆ, ಮೇಲ್ಮಟ್ಟದ ತರಗತಿಗಳನ್ನೆಲ್ಲ ನೋಡುತ್ತವೆ. ಸಿಇಟಿ ಅವುಗಳಲ್ಲಿ ಒಂದನ್ನೂ ನೋಡುವುದಿಲ್ಲ. ಆದ್ದರಿಂದ ಪ್ರಮಾಣಪತ್ರದ ಆಸೆಗೆ ಶಿಬಿರ ಸೇರುವುದು ವ್ಯರ್ಥ, ಕಲಿಕೆಗೆ ಸೇರುವುದು ಸಾರ್ಥಕ. ಬೆಂಗಳೂರಿನ ನೆಹರೂ ತಾರಾಲಯ ವಿದ್ಯಾರ್ಥಿಗಳಿಗೆ ವಿಜ್ಞಾನದ ಬೇಸಿಗೆ ಕಾರ್ಯಾಗಾರ ನಡೆಸುತ್ತದೆ. ನಮ್ಮ ಗಡಿಯಾಚೆ ಆಂಧ್ರದ ಕುಪ್ಪಂನಲ್ಲಿ ಅಗಸ್ತ್ಯ ಪ್ರತಿಷ್ಠಾನದ ವಿಜ್ಞಾನ ಕ್ಯಾಂಪಸ್ ಇದೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ಮಾಡುತ್ತದೆ, ಬಡ ಮಕ್ಕಳ ಶುಲ್ಕವನ್ನು ಪೂರ್ತಿ ಮನ್ನಾ ಮಾಡುವುದೂ ಉಂಟು. ಅಲ್ಲಿ ನಾಲ್ಕು ಪುಸ್ತಕ ಓದಿ ಮಾತಾಡಬಲ್ಲ ಮಗುವಿಗೆ ಬೆಲೆ. ಬಿಎಸ್‌ಸಿ ಕೃಷಿ ಪದವಿಯ ಕೃಷಿಕರ ಕೋಟಾದಲ್ಲಂತೂ ಪ್ರಾಯೋಗಿಕ ಪರೀಕ್ಷೆಯೇ ಇದೆ: ಮುಂದಿಟ್ಟ ಬೀಜ ಯಾವುದು, ಉಪಕರಣ ಯಾವುದು ಎಂದು ಗುರುತಿಸಬೇಕು. ಶ್ರೀನಿವಾಸಪುರದ ತೋಪಿನಲ್ಲಿ ಬಾದಾಮಿ ಮಾವು ಕೀಳುತ್ತ ಮೇ ತಿಂಗಳು ಕಳೆದ, ಮನೆಯ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದ ಮಗು ರಜೆ ಹಾಳು ಮಾಡಿಕೊಂಡಿತು ಎನ್ನುವವರು ಈ ಕೋಟಾದ ಹೆಸರನ್ನೇ ಕೇಳಿರಲಾರರು. ಜಿಲ್ಲೆಯ ಟಮಕದಲ್ಲೇ ತೋಟಗಾರಿಕಾ ಕಾಲೇಜಿದೆ ಎಂಬುದನ್ನು ‘ಪಿಸಿಎಂಬಿ ತೆಗೆದುಕೊಂಡರೆ ಡಾಕ್ಟರ್ ಇಲ್ಲವೇ ಎಂಜಿನಿಯರ್’ ಎನ್ನುವ ಕರಪತ್ರಗಳು ಹೇಳುವುದಿಲ್ಲ.

ಪೋಷಕರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಎಂಬುದೇ ಕಡೆಯ ಪ್ರಶ್ನೆ, ಮತ್ತು ಇದರ ಉತ್ತರ ಶಿಕ್ಷಣ ಇಲಾಖೆಯ ಬಳಿ ಇದೆ. ಹೆಚ್ಚಿನ ಅನುದಾನ ಬೇಡ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಈ ಹೊಣೆ ವಹಿಸಿ, ಏಳು ಮತ್ತು ಎಂಟನೇ ತರಗತಿಯ ಪೋಷಕರ ಸಭೆಯಲ್ಲಿ ಒಂದು ಹಾಳೆ ಕೈಗಿಡಲಿ: ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಷರತ್ತು, ಎನ್‌ಎಂಎಂಎಸ್ ದಿನಾಂಕ, ಸಿಇಟಿಯ ಅರ್ಧರ್ಧ ಲೆಕ್ಕ, ಕೃಷಿಕರ ಕೋಟಾ. ತೆಲುಗು ಮನೆಮಾತಿನ ಊರುಗಳಲ್ಲಿ ಬಾಯಿಮಾತಿನಲ್ಲೂ ವಿವರಿಸಲಿ. ಸಿಇಟಿ ಅರ್ಜಿಗೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಗಾಗಿ ಕಡೆ ಗಳಿಗೆಯಲ್ಲಿ ನಾಡಕಚೇರಿಯ ಮುಂದೆ ಸಾಲು ನಿಲ್ಲುವುದು ತಪ್ಪಬೇಕಾದರೆ ಪಿಯು ಕಾಲೇಜುಗಳು ನವೆಂಬರಿನಲ್ಲೇ ಪ್ರತಿ ವಿದ್ಯಾರ್ಥಿಯ ದಾಖಲೆ ಪರಿಶೀಲಿಸಲಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಹಳೆಯ ವಿದ್ಯಾರ್ಥಿಗಳು ಕೈಜೋಡಿಸಿದರೆ ಒಂದು ಹೋಬಳಿಗೆ ಒಂದು ದಿನದ ಕೆಲಸ. ಪೋಷಕರಲ್ಲಿ ಒಂದೇ ವಿನಂತಿ: ಈ ಬೇಸಿಗೆಯಲ್ಲಿ ಯಾವ ಸಂಸ್ಥೆಗೂ ಅಡ್ವಾನ್ಸ್ ಕೊಡುವ ಮೊದಲು ಮಗುವಿನ ಮುಖ್ಯೋಪಾಧ್ಯಾಯರ ಬಳಿ ಹೋಗಿ, ನಮ್ಮ ಮಗುವಿಗೆ ಯಾವ್ಯಾವ ಸೌಲಭ್ಯ ಸಲ್ಲುತ್ತದೆ, ಯಾವ ಕಾಗದ ಬೇಕು ಎಂದು ಕೇಳಿ, ಬರೆಸಿಕೊಂಡು ಬನ್ನಿ. ಅದಕ್ಕೆ ಶುಲ್ಕವಿಲ್ಲ.