ಕಾವಲಿನ ಯಂತ್ರಕ್ಕೂ ಕಾವಲು ಬೇಕು

ಗೋವೆಯ ಮ್ಹಾಪಸಾ ನಮ್ಮವರಿಗೆ ಅಪರಿಚಿತ ಊರಲ್ಲ. ಅಲ್ಲಿನ ಶುಕ್ರವಾರದ ಸಂತೆ ಹೆಸರುವಾಸಿ. ಕೂಲಿ, ವ್ಯಾಪಾರಗಳನ್ನು ನಂಬಿ ನೆಲೆಸಿದ ಕನ್ನಡ ಕುಟುಂಬಗಳೂ ಅಲ್ಲಿವೆ. ಊರ ಬದಿಯ ಮ್ಹಾಪಸಾ ಹೊಳೆ ಮಾಂಡವಿಯನ್ನು ಸೇರುತ್ತದೆ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಆ ಮಾಂಡವಿ. ಗೋವೆಯ ನದಿಗಳ ನೆರೆಯನ್ನು ಮುಂದಾಗಿ ತಿಳಿಸುವ ಏರ್ಪಾಟು ಆದುದರಿಂದ ಈ ಕುಟುಂಬಗಳಿಗೂ ಸಂಬಂಧಪಟ್ಟ ವಿಷಯ.

2022ರ ಜೂನ್ 21ರ ನಡುರಾತ್ರಿ ಆ ಏರ್ಪಾಟಿಗೇ ಕನ್ನ ಬಿತ್ತು. ಪ್ರಮುಖ ನದಿಗಳ 15 ಕಡೆಗಳಿಂದ ಮಾಹಿತಿ ಸಂಗ್ರಹಿಸುತ್ತಿದ್ದ, ಜಲಸಂಪನ್ಮೂಲ ಇಲಾಖೆಯ ಸರ್ವರಿನ ಕಡತಗಳಿಗೆ ದುಷ್ಕರ್ಮಿಗಳು ಗುಪ್ತಲಿಪಿಯ ಬೀಗ ಜಡಿದು, ಬಿಟ್‌ಕಾಯಿನ್ ರೂಪದಲ್ಲಿ ಒತ್ತೆಹಣ ಕೇಳಿದರು. ವೈರಸ್ ತಡೆ ಇರಲಿಲ್ಲ, ಫೈರ್‌ವಾಲ್ ಹಳತಾಗಿತ್ತು ಎಂದು ಇಲಾಖೆಯೇ ಒಪ್ಪಿಕೊಂಡಿತು. ಅದೇ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೂ ಇಂತಹುದೇ ಪೆಟ್ಟು ಬಿತ್ತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದೇ ಕಾರಣವೆಂದು ಕೇಂದ್ರ ಸರಕಾರ ಸಂಸತ್ತಿಗೆ ತಿಳಿಸಿತು.

ಫೈರ್‌ವಾಲ್ ಎಂದರೆ ಹೊರಗಿನಿಂದ ಬರುವ ಮಾಹಿತಿಯನ್ನು ಬಾಗಿಲಲ್ಲೇ ತಡೆದು ನೋಡುವ ಕಾವಲು ಯಂತ್ರ. ದೊಡ್ಡ ಕಚೇರಿಗಳಲ್ಲಿ ಅದು ಹಲವು ಖಾನೆಗಳ ಲೋಹದ ಚೌಕಟ್ಟಾಗಿರುತ್ತದೆ. ಖಾನೆಗಳಲ್ಲಿ ಬೇರೆ ಬೇರೆ ಕೆಲಸದ ಕಾರ್ಡುಗಳು, ಫ್ಯಾನುಗಳು, ಒಂದಕ್ಕಿಂತ ಹೆಚ್ಚು ವಿದ್ಯುತ್ ಘಟಕಗಳು ಇರುತ್ತವೆ. ಒಂದು ಘಟಕ ಕೆಟ್ಟರೆ ಇನ್ನೊಂದು ಅದರ ಹೊರೆ ಹೊರುತ್ತದೆ. ಇದು ಅನುಕೂಲವೇನೋ ಸರಿ. ಆದರೆ ಎರಡನೆಯದೂ ಕೈಕೊಡುವವರೆಗೆ ಮೊದಲನೆಯದು ಸತ್ತದ್ದನ್ನು ಯಾರೂ ಗಮನಿಸದಿರುವ ಅಪಾಯವೂ ಇಲ್ಲಿಯೇ ಇದೆ.

ಆದುದರಿಂದಲೇ ತಪಾಸಣೆ ಅಗತ್ಯ. ಶಾಖ, ಫ್ಯಾನಿನ ವೇಗ, ವೋಲ್ಟೇಜ್ ಇವನ್ನು ಯಂತ್ರ ಓಡುತ್ತಿರುವಾಗಲೇ ನೋಡಬಹುದು. ಮೆಮೊರಿ, ಡಿಸ್ಕ್, ಕಾರ್ಡುಗಳ ಪೂರ್ಣ ಪರೀಕ್ಷೆಗೆ ಮಾತ್ರ ಅದನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆ. ಪೋರ್ಟಿನಿಂದ ಕಳುಹಿಸಿದ ಸಂದೇಶ ಕೆಡದೆ ಅದಕ್ಕೇ ಮರಳುತ್ತದೆಯೇ ಎಂದು ನೋಡುವುದೂ ಈ ಪರೀಕ್ಷೆಯ ಭಾಗ. ಅಷ್ಟು ಹೊತ್ತು ಬಾಗಿಲು ಕಾಯಲು ಇನ್ನೊಂದು ಯಂತ್ರ ಬೇಕು. ಅದಕ್ಕೆ ಹಣವಿಡದ ಕಚೇರಿ ಪರೀಕ್ಷೆಯನ್ನು ಮುಂದೂಡುತ್ತಲೇ ಹೋಗುತ್ತದೆ.

ಅಂಗಾಂಗ ಗಟ್ಟಿಯಾಗಿದ್ದ ಮಾತ್ರಕ್ಕೆ ಸಾಲದು ಎಂಬುದನ್ನೂ ಹೇಳಬೇಕು. ಗೋವೆಯಲ್ಲಿ ಎದ್ದ ಪ್ರಶ್ನೆ ಯಂತ್ರ ಕೆಟ್ಟಿತ್ತೇ ಎಂಬುದಲ್ಲ, ಅದು ಕಾಲಕ್ಕೆ ತಕ್ಕದ್ದಾಗಿತ್ತೇ ಎಂಬುದು. ತಂತ್ರಾಂಶ ಹಳತಾದರೆ ಗಟ್ಟಿ ಬಾಗಿಲಿಗೆ ತುಕ್ಕು ಹಿಡಿದ ಚಿಲಕವಿದ್ದಂತೆ.

ಇದು ಗೋವೆಯವರ ಚಿಂತೆ ಮಾತ್ರವೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಭೂಕಂದಾಯವೂ ಪಡಿತರವೂ ಇಂದು ಸರ್ವರುಗಳನ್ನೇ ನಂಬಿವೆ. ತೇವದ ಗಾಳಿ, ಮಳೆಗಾಲದ ವಿದ್ಯುತ್ ಏರುಪೇರು ಕರಾವಳಿಗೆಲ್ಲ ಒಂದೇ. ಪ್ರತಿ ವರ್ಷ ಮೇ ಮುಗಿಯುವುದರೊಳಗೆ ಇಂತಹ ಯಂತ್ರಗಳ ಪೂರ್ಣ ತಪಾಸಣೆ ನಡೆಯಬೇಕು. ಪರೀಕ್ಷಿಸಿದ ದಿನಾಂಕವೂ ಹೊಣೆ ಹೊತ್ತ ಅಧಿಕಾರಿಯ ಸಹಿಯೂ ದಾಖಲಾಗಬೇಕು. ಹೊಳೆ ಉಕ್ಕಿದ ರಾತ್ರಿ ಯಂತ್ರದ ಬಾಗಿಲು ತೆರೆದು ನೋಡಿ ಫಲವಿಲ್ಲ.