ದೇಶಾಂತರದ ಮನೆಗಳು: ಕೈಯಾಡದ ಕುಣಿತ

ನಾಟ್ಯವೆಂದೊಡನೆ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಕೈ. ಹಸ್ತಮುದ್ರೆಯಿಲ್ಲದ ನಾಟ್ಯವನ್ನು ನಾಟ್ಯವೆಂದು ಒಪ್ಪುವುದೇ ನಮಗೆ ಕಷ್ಟ. ಆದರೆ ಐರ್ಲೆಂಡಿನವರ ಸ್ಪರ್ಧೆಯ ಕುಣಿತದಲ್ಲಿ ಕೈಗೆ ಕೆಲಸವೇ ಇಲ್ಲ. ತೋಳುಗಳೆರಡೂ ಮೈಗೆ ಅಂಟಿದಂತೆ ನೇರವಾಗಿ ಇಳಿಬಿದ್ದಿರಬೇಕು, ಬೆನ್ನು ಸೆಟೆದಿರಬೇಕು, ಮುಖ ನೆಟ್ಟಗೆ ಮುಂದಕ್ಕೆ ನೋಡುತ್ತಿರಬೇಕು. ಸೊಂಟದಿಂದ ಕೆಳಗೆ ಮಾತ್ರ ಕಾಲುಗಳು ಒಂದನ್ನೊಂದು ದಾಟುತ್ತ, ಚಿಮ್ಮುತ್ತ, ನೆಲವನ್ನು ಬಡಿಯುತ್ತ ಮಿಂಚಿನಂತೆ ಆಡುವುವು. ತೋಳು ಕದಲಿತೆಂದರೆ ಅಂಕ ಹೋಯಿತು. ಹೀಗೇಕೆಂಬುದಕ್ಕೆ ಆ ನಾಡಿನಲ್ಲಿ ಹತ್ತಾರು ಕತೆಗಳುಂಟು. ಗುಡಿಸಿಲುಗಳು ಇಕ್ಕಟ್ಟಾಗಿದ್ದುವೆಂದು ಕೆಲವರು, ಅರ್ಧಬಾಗಿಲಿನಾಚೆ ನಿಂತು ನೋಡುವ ಇಂಗ್ಲಿಷ್ ಅಧಿಕಾರಿಗೆ ಕುಣಿತವು ತಿಳಿಯದಿರಲೆಂದು ಕೆಲವರು ಹೇಳುವರು. ಕೇಳುವುದಕ್ಕೆ ಸೊಗಸಾಗಿವೆ, ನಂಬುವುದಕ್ಕೆ ಆಧಾರ ಸಾಲದು.

ಈ ತಿಂಗಳು ಓದುಗರ ಮುಂದಿಡಬೇಕೆಂದಿರುವುದು ಆ ಕುಣಿತವನ್ನು ಕಲಿಯುವ ಮಕ್ಕಳ ವಿಚಾರ. ಹನ್ನೊಂದು ವರ್ಷದ ಒಬ್ಬ ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಆಕೆ ಡಬ್ಲಿನ್ನಿನವಳಾಗಿರಬಹುದಾಗಿತ್ತು, ಆದರೆ ಷಿಕಾಗೋ ನಗರದವಳೆಂದೇ ಇಟ್ಟುಕೊಳ್ಳಿರಿ. ಇಂಥ ಹುಡುಗಿಯರು ಸಾವಿರಗಟ್ಟಲೆ ಇರುವುದರಿಂದ ಹೆಸರಿನ ಅಗತ್ಯವಿಲ್ಲ. ಐದಾರು ವರ್ಷಗಳಿಂದ ಕಲಿಯುತ್ತಿರುವಳು. ಶಾಲೆಯಿಂದ ಬಂದು ಹಾಲು ಕುಡಿದು ಮತ್ತೆ ಹೊರಡುವಳು. ಊಟವು ಎಷ್ಟೋ ದಿನ ಮೋಟಾರಿನಲ್ಲಿಯೇ ಮುಗಿಯುವುದು.

ಆಕೆಯ ಕಾಲಿಗೆ ಬಂದ ವಿದ್ಯೆ ಹಳೆಯದು. ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಕೃಷಿಪಂಡಿತನು 1776ರಿಂದ ಐರ್ಲೆಂಡಿನಲ್ಲಿ ಸಂಚರಿಸಿ 1780ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ, ಅಲ್ಲಿಯ ಬಡಜನರೆಲ್ಲರೂ ಕುಣಿತ ಕಲಿಯುವರೆಂದೂ, ಕುಣಿತದ ಗುರುಗಳು ಒಬ್ಬ ಕೊಳಲಿನವನನ್ನೋ ಕುರುಡ ಪಿಟೀಲಿನವನನ್ನೋ ಜೊತೆಗಿಟ್ಟುಕೊಂಡು ಗುಡಿಸಿಲಿನಿಂದ ಗುಡಿಸಿಲಿಗೆ ತಿರುಗುವರೆಂದೂ ಆಶ್ಚರ್ಯದಿಂದ ಬರೆದಿರುವನು. ಮೂರು ತಿಂಗಳಿಗೆ ಆರು ಪೆನ್ನಿ ಸಂಬಳ. ಎಡ ಬಲ ತಿಳಿಯದ ರೈತನ ಮಕ್ಕಳಿಗೆ ಒಂದು ಕಾಲಿಗೆ ಹುಲ್ಲನ್ನೂ ಇನ್ನೊಂದು ಕಾಲಿಗೆ ಬೇರೆ ನಾರನ್ನೂ ಕಟ್ಟಿ, ಆ ಹೆಸರುಗಳಿಂದಲೇ ಹೆಜ್ಜೆ ಹೇಳುತ್ತಿದ್ದರೆಂಬ ಮಾತು ಇಂದಿಗೂ ಬಳಕೆಯಲ್ಲಿದೆ.

ಹೊಟ್ಟೆಗಿಲ್ಲದ ಕಾಲದಲ್ಲಿಯೂ ಉಳಿದಿದ್ದ ಈ ಕುಣಿತಕ್ಕೆ ಸ್ಪರ್ಧೆಯ ಕಟ್ಟಳೆ ಬಂದುದು ಭಾಷಾಭಿಮಾನದಿಂದ. 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಸಂಘವನ್ನು ಸ್ಥಾಪಿಸಿ, ಇಂಗ್ಲಿಷಿನ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದ ಐರಿಷ್ ನುಡಿಯನ್ನು ಎತ್ತಿ ನಿಲ್ಲಿಸಲು ಹೊರಟರು. ನುಡಿಯೊಡನೆ ಹಾಡು, ಕುಣಿತ, ಆಟಗಳೂ ಬಂದುವು. (1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ಕನ್ನಡದಲ್ಲೇಕೆ ಬರೆಯಬಾರದೆಂದು ಕೇಳಿದುದನ್ನು ನಮ್ಮವರು ಬಲ್ಲರು. ತನ್ನ ನಾಡಿನಲ್ಲಿ ನುಡಿಯ ಪುನರುಜ್ಜೀವನವನ್ನು ಕಂಡಿದ್ದವರ ಬಾಯಿಂದ ಆ ಪ್ರಶ್ನೆ ಬಂದುದು ಸಹಜವೇ ಸರಿ.) 1930ರ ಸುಮಾರಿಗೆ ಕುಣಿತಕ್ಕೆಂದೇ ಒಂದು ಆಯೋಗವು ಏರ್ಪಟ್ಟು, ಗುರುಗಳಿಗೆ ಪರೀಕ್ಷೆ, ತೀರ್ಪುಗಾರರಿಗೆ ಅರ್ಹತೆ, ಹೆಜ್ಜೆಗಳಿಗೆ ನಿಯಮ ಎಲ್ಲವೂ ಕ್ರಮವಾಗಿ ಬೆಳೆದುವು. ವಿನೋದವೇನೆಂದರೆ, ಅದೇ ಕಾಲದಲ್ಲಿ, 1935ರ ಕಾನೂನೊಂದು ಪರವಾನಗಿಯಿಲ್ಲದೆ ಸಾರ್ವಜನಿಕ ಕುಣಿತ ನಡೆಸಕೂಡದೆಂದು ವಿಧಿಸಿದುದರಿಂದ, ಮನೆಯಂಗಳದಲ್ಲಿಯೂ ದಾರಿ ಕೂಡುವೆಡೆಯಲ್ಲಿಯೂ ನಡೆಯುತ್ತಿದ್ದ ಹಳ್ಳಿಯ ಕುಣಿತಗಳು ಕುಗ್ಗಿದುವು. ಸ್ಪರ್ಧೆಯ ಕುಣಿತ ಬೆಳೆಯಿತು. ಸುಮ್ಮನೆ ಕುಣಿಯುವ ಕುಣಿತ ಸೊರಗಿತು.

ಸ್ಪರ್ಧೆಯ ಕೂಟಕ್ಕೆ ಅವರ ನುಡಿಯಲ್ಲಿ ‘ಫೆಷ್’ ಎಂದು ಹೆಸರು, ಹಬ್ಬವೆಂದು ಅರ್ಥ. ಒಂದು ಹೋಟೆಲಿನ ದೊಡ್ಡ ಅಂಗಣದಲ್ಲಿ ಏಳೆಂಟು ಹಲಗೆಯ ವೇದಿಕೆಗಳು. ಪ್ರತಿ ವೇದಿಕೆಯ ಪಕ್ಕದಲ್ಲಿ ಒಬ್ಬ ವಾದ್ಯಗಾರ. ಎದುರಿಗೆ ಮೇಜಿನ ಹಿಂದೆ ತೀರ್ಪುಗಾರರು. ಒಂದು ವೇದಿಕೆಯ ಹಾರ್ಮೋನಿಯ ಇನ್ನೊಂದು ವೇದಿಕೆಗೆ ಕೇಳುತ್ತಿರುವಾಗಲೂ ಹುಡುಗಿಯು ತನ್ನ ತಾಳವನ್ನೇ ಹಿಡಿದಿರಬೇಕು. ಹಾರ್ಮೋನಿಯವೆಂದುದು ಸಲಿಗೆಯಿಂದ, ಅದು ಎದೆಗೆ ತೊಡುವ ಅಕಾರ್ಡಿಯನ್ ವಾದ್ಯ.

ಕುಣಿತಗಳು ಮುಖ್ಯವಾಗಿ ಎರಡು ಬಗೆ. ಮೆತ್ತನೆಯ ತೊಗಲಿನ ಜೋಡು ತೊಟ್ಟು ಸದ್ದಿಲ್ಲದೆ ಹಾರುವುದು ಒಂದು. ಅಟ್ಟೆಯ ತುದಿಗೂ ಹಿಮ್ಮಡಿಗೂ ಗಟ್ಟಿ ತುಂಡುಗಳನ್ನು ಜಡಿದ ಜೋಡು ತೊಟ್ಟು ನೆಲವನ್ನೇ ಮದ್ದಳೆಯಾಗಿ ಮಾಡಿಕೊಳ್ಳುವುದು ಇನ್ನೊಂದು. ಹಿಂದೆ ಮೊಳೆ ಹೊಡೆಯುತ್ತಿದ್ದರು. ಈಗ ಗಾಜಿನಾರಿನ ಅಚ್ಚುಗಳು ಬಂದಿವೆ. ಮೆತ್ತನೆಯ ಜೋಡಿನ ಕುಣಿತಗಳಲ್ಲಿ ‘ರೀಲ್’ ಎಂಬುದು ಚತುರಶ್ರದ ನಡೆ. ‘ಸ್ಲಿಪ್ ಜಿಗ್’ ಎಂಬುದು ಮೂರು ಮೂರರಂತೆ ಒಂಬತ್ತು ಎಣಿಕೆಯದು, ಬಹುಮಟ್ಟಿಗೆ ಹುಡುಗಿಯರ ಪಾಲಿನದು. ನಮ್ಮ ತಾಳಜ್ಞಾನವುಳ್ಳ ಗೃಹಿಣಿಯರಿಗೆ ಅದನ್ನು ಕೇಳಿದರೆ ಕೈ ತಾನಾಗಿ ತೊಡೆಗೆ ಹೋಗುವುದು. ಗಟ್ಟಿ ಜೋಡಿನದರಲ್ಲಿ ‘ಟ್ರೆಬಲ್ ಜಿಗ್’, ‘ಹಾರ್ನ್‌ಪೈಪ್’ ಎಂದು ಎರಡು. ಇಲ್ಲಿ ಒಂದು ವಿಚಿತ್ರವುಂಟು. ಕಲಿಯುವವಳು ಮೇಲಿನ ತರಗತಿಗೆ ಏರಿದಂತೆ ಸಂಗೀತವು ಚುರುಕಾಗುವುದಿಲ್ಲ, ನಿಧಾನವಾಗುವುದು. ಏಕೆಂದರೆ ಎರಡು ಎಣಿಕೆಗಳ ನಡುವಣ ತೆರಪಿನಲ್ಲಿ ಅಷ್ಟೊಂದು ಬಡಿತಗಳನ್ನು ತುಂಬಬೇಕಾಗಿರುವುದು. ಕಲಿತ ಪ್ರತಿ ಹೆಜ್ಜೆಯನ್ನೂ ಮೊದಲು ಬಲಗಾಲಿನಿಂದ ಕುಣಿದು, ಅದನ್ನೇ ಕನ್ನಡಿಯಲ್ಲಿ ಕಂಡಂತೆ ಎಡಗಾಲಿನಿಂದ ಕುಣಿಯಬೇಕು. ಎಡಗಾಲಿನಲ್ಲಿಯೇ ಬಹುಮಂದಿಯ ಬಂಡವಾಳ ಬಯಲಾಗುವುದು.

ಇನ್ನು ಉಡುಪಿನ ಸಂಗತಿ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಕೋಪವೇ ಬರುವುದು. ಆರಂಭದ ತರಗತಿಗಳ ಮಕ್ಕಳು ತಮ್ಮ ಶಾಲೆಯ ಸಾದಾ ಲಂಗ ತೊಟ್ಟು ಬರುವರು, ನೋಡಲು ಮುದ್ದಾಗಿರುವರು. ಮೇಲೇರಿದ ಹುಡುಗಿಗೆ ಸ್ವಂತ ಉಡುಪು ಬೇಕು. ಹಳೆಯ ಕ್ರೈಸ್ತ ಹಸ್ತಪ್ರತಿಗಳಲ್ಲಿ ಕಾಣುವ ಹೆಣೆದ ಬಳ್ಳಿಯ ಚಿತ್ತಾರವನ್ನು ಕಸೂತಿ ಹಾಕುತ್ತಿದ್ದ ಕಾಲವೊಂದಿತ್ತು. ಈಗ ಅದರ ಮೇಲೆ ಹೊಳೆಯುವ ಹರಳುಗಳು ಸಾವಿರ. ಹೊಸ ಉಡುಪೊಂದಕ್ಕೆ ಎರಡು ಸಾವಿರ ಡಾಲರು ಮೀರುವುದು ಸಾಮಾನ್ಯ. ಬೆಳೆಯುವ ಮಗುವಿಗೆ ಅದು ಎಷ್ಟು ದಿನ ಬರುವುದು? ಆದುದರಿಂದ ಒಬ್ಬಳು ತೊಟ್ಟುದನ್ನು ಇನ್ನೊಬ್ಬಳು ಕೊಳ್ಳುವ ಹಳೆಯುಡುಪಿನ ವ್ಯಾಪಾರವೂ ಭರದಿಂದ ನಡೆಯುವುದು; ಜಾಣ ತಾಯಂದಿರು ಅದನ್ನೇ ಆಶ್ರಯಿಸುವರು. ಕೂದಲಿನ ಕತೆ ಇನ್ನೂ ಸ್ವಾರಸ್ಯದ್ದು. ಅಜ್ಜಿಯರ ಕಾಲದಲ್ಲಿ ಹಿಂದಿನ ರಾತ್ರಿ ಬಟ್ಟೆಚಿಂದಿಗಳಿಂದ ಕೂದಲನ್ನು ಸುತ್ತಿ ಕಟ್ಟಿ, ಬೆಳಗ್ಗೆ ಬಿಚ್ಚಿದರೆ ಗುಂಗುರಾಗುತ್ತಿತ್ತು. ಮಗುವಿಗೆ ಆ ರಾತ್ರಿ ನಿದ್ದೆಯಿಲ್ಲ. 1990ರ ದಶಕದಿಂದೀಚೆಗೆ ಚೌರಿಯ ಟೋಪಿಯೇ ಬಂದುಬಿಟ್ಟಿತು. ಕಾಲುಚೀಲ ಜಾರದಿರಲೆಂದು ಮೀನಖಂಡಕ್ಕೆ ಅಂಟು ಬಳಿಯುವರು. ಎಳೆಯ ಮಕ್ಕಳು ಮುಖಕ್ಕೆ ಬಣ್ಣ ಹಚ್ಚಕೂಡದೆಂದು ಆಯೋಗವು ನಿಯಮ ಮಾಡಿರುವುದೊಂದು ಪುಣ್ಯ.

ಹಾಗೆಂದು ತಾಯಿಯರನ್ನೇ ದೂರಿ ಪ್ರಯೋಜನವಿಲ್ಲ. ತೀರ್ಪುಗಾರರು ಉಡುಪಿಗೆ ಅಂಕ ಕೊಡುವುದಿಲ್ಲವೆಂದು ಎಲ್ಲರೂ ಬಲ್ಲರು. ಆದರೆ ಮಿಂಚುವ ಇಬ್ಬರ ನಡುವೆ ಮಿಂಚದವಳೊಬ್ಬಳು ನಿಂತಾಗ ಕಣ್ಣು ಎತ್ತ ಹೋಗುವುದೆಂಬುದನ್ನೂ ಬಲ್ಲರು.

ಷಿಕಾಗೋದ ನಮ್ಮ ಹುಡುಗಿಗೆ ವರ್ಷದ ದೊಡ್ಡ ದಿನವೆಂದರೆ ಶರತ್ಕಾಲದ ಕೊನೆಯಲ್ಲಿ, ನವೆಂಬರಿನ ಸುಮಾರಿಗೆ ನಡೆಯುವ ಪ್ರಾಂತೀಯ ಸ್ಪರ್ಧೆ. ಅಲ್ಲಿ ಗೆದ್ದವರಿಗೆ ವಿಶ್ವಸ್ಪರ್ಧೆಯ ದಾರಿ ತೆರೆಯುವುದು. ಆ ವಿಶ್ವಸ್ಪರ್ಧೆಯು 1970ರಲ್ಲಿ ಡಬ್ಲಿನ್ನಿನಲ್ಲಿ ಮೊದಲಾಯಿತು. 2002ರಲ್ಲಿ ಗ್ಲಾಸ್ಗೋ ನಗರಕ್ಕೆ, 2009ರಲ್ಲಿ ಅಮೆರಿಕದ ಫಿಲಡೆಲ್ಫಿಯಕ್ಕೆ ಹೋಯಿತು. ಕೋವಿಡ್ ಜಾಡ್ಯದ ದೆಸೆಯಿಂದ 2020ರಲ್ಲಿಯೂ 2021ರಲ್ಲಿಯೂ ನಡೆಯಲೇ ಇಲ್ಲ. ವಯಸ್ಸಿನ ತಂಡಗಳ ಲೆಕ್ಕದಲ್ಲಿ ನಡೆಯುವ ಸ್ಪರ್ಧೆಯಾದುದರಿಂದ, ಆ ಎರಡು ವರ್ಷಗಳು ಕೆಲವು ಮಕ್ಕಳಿಗೆ ಮತ್ತೆ ಸಿಗುವಂತಹವಲ್ಲ. ಷಿಕಾಗೋದಲ್ಲಿ ಬೆಳೆದ ಮೈಕೇಲ್ ಫ್ಲ್ಯಾಟ್ಲಿ ಎಂಬ ಹುಡುಗನು 1975ರಲ್ಲಿ ಅಮೆರಿಕದವರ ಪೈಕಿ ಮೊದಲಿಗನಾಗಿ ವಿಶ್ವಪದವಿಯನ್ನು ಗೆದ್ದು, 1994ರ ಏಪ್ರಿಲ್ 30ರಂದು ಡಬ್ಲಿನ್ನಿನಲ್ಲಿ ನಡೆದ ಯೂರೋಪಿನ ಹಾಡಿನ ಸ್ಪರ್ಧೆಯ ವಿರಾಮದಲ್ಲಿ ಜೀನ್ ಬಟ್ಲರ್ ಎಂಬಾಕೆಯೊಡನೆ ಏಳು ನಿಮಿಷಗಳ ಕಾಲ ಕುಣಿದನು. ‘ರಿವರ್‌ಡ್ಯಾನ್ಸ್’ ಎಂಬ ಆ ಕುಣಿತವೇ ಈ ವಿದ್ಯೆಯನ್ನು ಲೋಕವೆಲ್ಲ ಹಬ್ಬಿಸಿತು. ಅದರಲ್ಲಿ ಫ್ಲ್ಯಾಟ್ಲಿಯು ಕೈಗಳನ್ನು ಬಿಚ್ಚಿ ಎತ್ತಿದನೆಂಬುದನ್ನು ಗಮನಿಸಬೇಕು. ಸ್ಪರ್ಧೆಯ ವೇದಿಕೆಯಲ್ಲಾದರೆ ಅದು ಸಲ್ಲದು.

ಪ್ರಾಂತೀಯ ಸ್ಪರ್ಧೆಯಲ್ಲಿ ಮೊದಲೆರಡು ಸುತ್ತುಗಳು: ಒಂದು ಗಟ್ಟಿ ಜೋಡಿನದು, ಒಂದು ಮೆತ್ತನೆಯದು. ಇಬ್ಬರು ಅಥವಾ ಮೂವರು ಒಟ್ಟಿಗೆ ವೇದಿಕೆಗೇರುವರು. ಅವರವರ ಗುರುಗಳು ಕಲಿಸಿದ ಹೆಜ್ಜೆಗಳು ಬೇರೆ ಬೇರೆಯಾಗಿರುವುದರಿಂದ ಒಬ್ಬಳ ದಾರಿಗೆ ಒಬ್ಬಳು ಅಡ್ಡ ಬರುವುದುಂಟು. ಡಿಕ್ಕಿ ಹೊಡೆಯುವುದೂ ಉಂಟು. ಹೆಜ್ಜೆ ಮರೆತರೂ ನಿಲ್ಲದೆ, ಮುಖ ಕೆಡಿಸದೆ ಮುಂದುವರಿಯಬೇಕು. ಎಲ್ಲ ಸೇರಿ ಎರಡು ನಿಮಿಷವೂ ಆಗುವುದಿಲ್ಲ. ಕೊನೆಗೆ ತೀರ್ಪುಗಾರರಿಗೊಮ್ಮೆ, ವಾದ್ಯಗಾರನಿಗೊಮ್ಮೆ ತಲೆಬಾಗಿ ಇಳಿಯಬೇಕು. ವಾದ್ಯಗಾರನಿಗೆ ಸಲ್ಲುವ ಆ ವಂದನೆ ನನಗೆ ಬಹಳ ಮೆಚ್ಚು.

ಅಂಕದ ಲೆಕ್ಕವನ್ನು ಮನೆಯ ಗಂಡಸರು ಕುತೂಹಲದಿಂದ ಓದಬಹುದು. ಒಬ್ಬೊಬ್ಬ ತೀರ್ಪುಗಾರನೂ ತನ್ನ ಮನಸ್ಸಿಗೆ ಬಂದಂತೆ ನೂರಕ್ಕೆ ಇಷ್ಟೆಂದು ಕೊಡುವನು. ಆದರೆ ಆ ಅಂಕವನ್ನು ಕೂಡುವುದಿಲ್ಲ. ಆತನ ಪಟ್ಟಿಯಲ್ಲಿ ಹುಡುಗಿಗೆ ಬಂದ ಸ್ಥಾನವನ್ನು ಮಾತ್ರ ನೋಡಿ ಬೇರೆ ಅಂಕಕ್ಕೆ ತಿರುಗಿಸುವರು. ಮೊದಲನೆಯವಳಿಗೆ 100, ಎರಡನೆಯವಳಿಗೆ 75, ಮೂರನೆಯವಳಿಗೆ 65, ಆಮೇಲೆ 60, 56, 53, 50 ಎಂದು ಇಳಿದು ಹತ್ತನೆಯವಳಿಗೆ 43. ಧಾರಾಳಿಯಾದ ತೀರ್ಪುಗಾರನೂ ಜುಗ್ಗನಾದ ತೀರ್ಪುಗಾರನೂ ಇದರಿಂದ ಸಮನಾಗುವರು. ಆದರೆ ಒಂದಕ್ಕೂ ಎರಡಕ್ಕೂ ನಡುವೆ ಇಪ್ಪತ್ತೈದರ ಕಂದಕ ಬಿದ್ದಿತಲ್ಲವೆ? ಮೂವರು ತೀರ್ಪುಗಾರರೂ ಎರಡನೆಯವಳೆಂದು ಒಪ್ಪಿದವಳಿಗೆ 225. ಇಬ್ಬರು ಮೊದಲನೆಯವಳೆಂದೂ ಮೂರನೆಯಾತನು ಹತ್ತನೆಯವಳೆಂದೂ ಬರೆದವಳಿಗೆ 243. ಎಲ್ಲರಿಗೂ ಹಿತವಾಗಿ ಕುಣಿದವಳಿಗಿಂತ, ಇಬ್ಬರನ್ನು ಮರುಳುಮಾಡಿ ಒಬ್ಬನನ್ನು ಕೆರಳಿಸಿದವಳು ಮುಂದೆ. ಇದು ನ್ಯಾಯವೆ ಅಲ್ಲವೆ ಎಂದು ಅಲ್ಲಿಯ ತಂದೆತಾಯಿಗಳು ಮೋಟಾರಿನಲ್ಲಿ ಮನೆ ಸೇರುವವರೆಗೂ ವಾದಿಸುವರು.

ಲೆಕ್ಕವೆಷ್ಟೇ ಚೊಕ್ಕವಾಗಿದ್ದರೂ ಅದನ್ನು ಬರೆಯುವ ಕೈ ಮನುಷ್ಯರದು. 2022ರ ಅಕ್ಟೋಬರಿನಲ್ಲಿ, ಕೆಲವು ಗುರುಗಳೂ ತೀರ್ಪುಗಾರರೂ ತಮ್ಮೊಳಗೆ ಮಾತಾಡಿಕೊಂಡು ಫಲಿತಾಂಶಗಳನ್ನು ಏರುಪೇರು ಮಾಡುತ್ತಿದ್ದರೆಂಬ ಆರೋಪವು ಬಹಿರಂಗವಾಯಿತು. ಆಯೋಗವು ಮೊದಲ ಹಂತದ ವಿಚಾರಣೆಗೆ ಹಿಂದೆ ನ್ಯಾಯಾಧೀಶರಾಗಿದ್ದವರೊಬ್ಬರನ್ನು ಗೊತ್ತುಮಾಡಿತು. ಆ ಸುದ್ದಿ ಬಂದ ದಿನ, ಪದಕ ಗೆದ್ದಿದ್ದ ಎಷ್ಟು ಮಕ್ಕಳು ತಮ್ಮ ಪದಕವನ್ನು ಹೊರತೆಗೆದು ನೋಡಿಕೊಂಡರೋ! ಸೋತ ಮಗುವಿಗಾದರೂ ಒಂದು ಸಮಾಧಾನ ಸಿಕ್ಕಿತು. ಪ್ರಾಮಾಣಿಕವಾಗಿ ಗೆದ್ದ ಮಗುವಿಗೆ ಏನು ಹೇಳುವುದು? ಈ ಕುಣಿತದಲ್ಲಿ ದೊಡ್ಡವರು ಮಾಡಬಹುದಾದ ಅನ್ಯಾಯಗಳಲ್ಲಿ ಇದಕ್ಕಿಂತ ಹೇಯವಾದುದನ್ನು ನಾನು ಕಾಣೆ.

ಎರಡು ಸುತ್ತು ಮುಗಿದ ಮೇಲೆ ಕಾಯುವ ಹೊತ್ತು. ಸುಮಾರು ಅರ್ಧ ಮಂದಿಯನ್ನು ಮಾತ್ರ ಮೂರನೆಯ ಸುತ್ತಿಗೆ ಮರಳಿ ಕರೆಯುವರು. ಆ ಸುತ್ತಿನಲ್ಲಿ ಹುಡುಗಿಯು ಒಬ್ಬಳೇ ವೇದಿಕೆಯ ಮೇಲೆ ನಿಂತು, ತಾನೇ ಆರಿಸಿಕೊಂಡ ರಾಗಕ್ಕೆ ಗಟ್ಟಿ ಜೋಡಿನಲ್ಲಿ ಕುಣಿಯುವಳು. ವರ್ಷವೆಲ್ಲ ಆಕೆ ಅಡಿಗೆಯ ಮನೆಯ ನೆಲದ ಮೇಲೆ, ಬಸ್ಸು ಕಾಯುವ ಎಡೆಯಲ್ಲಿ, ಕನಸಿನಲ್ಲಿ ಕೂಡ ಬಡಿದುದು ಆ ರಾಗವನ್ನೇ. ಕರೆ ಬರದಿದ್ದರೆ ಅದನ್ನು ಯಾರೂ ನೋಡುವುದೇ ಇಲ್ಲ. ಕಾಲಿನ ಮೂಳೆಯಲ್ಲಿ ನವಿರಾದ ಬಿರುಕು, ಹಿಮ್ಮಡಿಯ ನರದ ನೋವು ಈ ಮಕ್ಕಳಿಗೆ ಅಪರೂಪವಲ್ಲ. ಆ ನೋವನ್ನು ಮುಚ್ಚಿಟ್ಟು ಕುಣಿದವಳೂ ಕರೆಯದವರ ಸಾಲಿನಲ್ಲಿ ಇರಬಹುದು. ಹತ್ತು ಹನ್ನೊಂದು ವರ್ಷದ ಮಗುವಿಗೆ ಇಂತಹ ಸುದ್ದಿಯನ್ನು ತುಂಬಿದ ಸಭೆಯಲ್ಲಿ ಸಂಖ್ಯೆ ಕೂಗಿ ತಿಳಿಸುವುದು ಸರಿಯೆ ಎಂದರೆ, ನನ್ನ ಮಟ್ಟಿಗೆ ಸರಿಯಲ್ಲ. ಅಲ್ಲಿಯ ಎಷ್ಟೋ ಗುರುಗಳು ಇದಕ್ಕೆ ಒಪ್ಪರು. ಈ ಕಾಯುವಿಕೆಯೇ ಮಕ್ಕಳನ್ನು ಗಟ್ಟಿಮಾಡುವುದೆನ್ನುವರು.

ನಮ್ಮ ಹುಡುಗಿಯ ಸಂಖ್ಯೆ ಈ ಬಾರಿ ಬರಲಿಲ್ಲವೆಂದೇ ಇಟ್ಟುಕೊಳ್ಳೋಣ. ಅರ್ಧ ಮಂದಿಗೆ ಬರುವುದಿಲ್ಲ. ಪಕ್ಕದಲ್ಲಿ ಕುಳಿತ ಗೆಳತಿಯ ಸಂಖ್ಯೆ ಬಂದಿದೆ. ಗೆಳತಿಯ ಜೋಡಿನ ದಾರ ಬಿಚ್ಚಿಹೋಗಿರುವುದನ್ನು ಕಂಡು ಈಕೆ ಬಗ್ಗಿ ಬಿಗಿಯಾಗಿ ಕಟ್ಟಿಕೊಡುವಳು. ತಾಯಿ ಮಾತಾಡದೆ ಚೌರಿಯ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುವಳು. ಕಾಲುಚೀಲದ ಅಂಟನ್ನು ಬಿಸಿನೀರಿನ ಬಟ್ಟೆಯಿಂದ ಒರಸುವಳು. ಮುಂದಿನ ವರ್ಷಕ್ಕೆ ಹೊಸ ಉಡುಪು ಬೇಡ, ಇದರ ಲಂಗವನ್ನೇ ಎರಡಂಗುಲ ಇಳಿಸಿ ಹೊಲಿದರಾಯಿತು ಎಂದು ಹುಡುಗಿಯೇ ಹೇಳುವಳು. ಸೋಮವಾರ ಸಂಜೆ ತರಗತಿಯುಂಟು. ಎಡಗಾಲಿನ ಹೆಜ್ಜೆಯಲ್ಲಿ ಏನೋ ಹೆಚ್ಚು ಕಡಿಮೆಯಾಗಿತ್ತೆಂದು ಆಕೆಗೆ ತಿಳಿದಿದೆ.