ಅಮ್ಮ ಎದ್ದು ಹೋಗುತ್ತಿದ್ದ ಹಾಡು

ಮೊನ್ನೆ ಮದುವೆ ಮನೆಯೊಂದರಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ಕುಳಿತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ಹೊತ್ತು ಕಳೆಯಲೆಂದು, "ಅಂಕಲ್, ನಿಮಗೆ ತುಂಬಾ ಇಷ್ಟವಾದ ಐದು ಹಾಡು ಹೇಳಿ ನೋಡೋಣ" ಎಂದ. ನಾಲ್ಕನ್ನು ಪಟಪಟನೆ ಹೇಳಿದೆ. ಐದನೆಯದಕ್ಕೆ ತಡವರಿಸಿದೆ. ಹೇಳಿದರೆ "ಅದ್ಯಾಕೆ?" ಎಂದು ಕೇಳಿಯಾನು, ಅದನ್ನು ವಿವರಿಸಲು ಮದುವೆ ಮನೆ ತಕ್ಕ ಜಾಗವಲ್ಲ. ಅಷ್ಟರಲ್ಲಿ ಎಲೆ ಹಾಕಿದರು, ಬಚಾವಾದೆ. ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ಈ ವಾರ ನಿಮ್ಮ ಮುಂದೆ ಹೇಳುತ್ತೇನೆ.

ನಮ್ಮೂರು ಶಿವಮೊಗ್ಗ. 1980ರ ಸುಮಾರಿಗೆ ಅಪ್ಪ ಸಾಲ ಮಾಡಿ ಒಂದು ಟೇಪ್ ರೆಕಾರ್ಡರ್ ತಂದರು. ಜೊತೆಗೆ ತಂದ ಮೊದಲ ಕ್ಯಾಸೆಟ್ಟು 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ್ದ ಈ ಕ್ಯಾಸೆಟ್ಟು 1978ರಲ್ಲಿ ಬಂದಿತ್ತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದೇ. ನಿಸಾರರು ನಮ್ಮೂರಿನ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು, ಹಾಡಿನೊಳಗಿರುವುದು ನಮ್ಮ ಜೋಗ, ನಮ್ಮ ತುಂಗೆ. ಹೀಗಾಗಿ ಅದು ನಮ್ಮ ಮನೆಯದೇ ಹಾಡು ಎಂಬ ಗತ್ತು ನಮಗೆ. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಅದನ್ನು ಸವೆಸಿಬಿಟ್ಟೆವು. 'ಕಾಡು ಕುದುರೆ' ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತಲ್ಲ, ಕನ್ನಡಿಗ ಹಿನ್ನೆಲೆ ಗಾಯಕರೊಬ್ಬರಿಗೆ ಸಂದ ಮೊದಲ ರಾಷ್ಟ್ರಪ್ರಶಸ್ತಿ ಅದು. ಆ ಹಾಡು ರೇಡಿಯೋದಲ್ಲಿ ಬಂದರೆ ಅಪ್ಪ ಎದೆಯುಬ್ಬಿಸಿ ಕೂರುತ್ತಿದ್ದರು.

ಆದರೆ ಒಂದು ಹಾಡು ಮಾತ್ರ ನಮ್ಮ ಮನೆಯಲ್ಲಿ ಪೂರ್ತಿಯಾಗಿ ಕೇಳಿಸಿದ್ದೇ ಇಲ್ಲ. ಅದು ಬೇಂದ್ರೆಯವರದು. ತನ್ನನ್ನೇ ದಿಟ್ಟಿಸುತ್ತಿರುವ ಹೆಂಡತಿಯ ಕಣ್ಣುಗಳನ್ನು ಎದುರಿಸಲಾರದೆ ಗಂಡನೊಬ್ಬ ಆಡುವ ಮಾತುಗಳ ಹಾಡು. ಯಾವುದೆಂದು ನಿಮಗೆ ಗೊತ್ತಾಗಿರಬೇಕು. ಭದ್ರಾವತಿ ಆಕಾಶವಾಣಿಯಲ್ಲಿ ಅದು ಶುರುವಾಯಿತೆಂದರೆ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಹಿತ್ತಲಿಗೆ ನಡೆದುಬಿಡುತ್ತಿದ್ದರು. ಅಪ್ಪ ಒಂದು ಮಾತೂ ಆಡದೆ ರೇಡಿಯೋದ ಕಿವಿ ತಿರುಗಿಸುತ್ತಿದ್ದರು. ಅಮ್ಮನಿಗೆ ಧಾರವಾಡದ ಮಾತು ಹಿಡಿಸುವುದಿಲ್ಲ ಎಂದು ನಾವು ಮಕ್ಕಳು ತೀರ್ಮಾನಿಸಿದ್ದೆವು.

ಮುಂದೆ ಕಾಲೇಜಿನ ಭಾವಗೀತೆ ಸ್ಪರ್ಧೆಯಲ್ಲಿ ನಾನು ಅದೇ ಹಾಡನ್ನು ಹಾಡಿದೆ. ಹಾಡಿದ್ದು ಯಾರಿಗಾಗಿ ಎಂದು ಕೇಳಬೇಡಿ. ಅದನ್ನು ಪ್ರೇಮಗೀತೆಯೆಂದೇ ತಿಳಿದಿದ್ದ ನಾನು ಎರಡನೇ ಸಾಲಿನ ಹುಡುಗಿಯೊಬ್ಬಳ ಕಡೆ ನೋಡುತ್ತಾ, ಮುಗುಳ್ನಗುತ್ತಾ ಹಾಡಿದ್ದೆ. ಎರಡನೇ ಬಹುಮಾನ ಬಂತು. ಸ್ಟೀಲಿನ ಲೋಟವನ್ನು ಮನೆಗೆ ತಂದು ಅಮ್ಮನ ಕೈಗಿಟ್ಟು ಯಾವ ಹಾಡೆಂದು ಹೇಳಿದೆ. "ಚೆನ್ನಾಗಿ ಹಾಡಿದ್ಯಾ?" ಎಂದು ಕೇಳಿ, ಲೋಟವನ್ನು ತೊಳೆದು ಗೂಡಿನಲ್ಲಿಟ್ಟರು.

ಮರುವಾರ ನಮ್ಮ ಕನ್ನಡ ಮೇಷ್ಟ್ರು ನನ್ನನ್ನು ಕರೆದು, "ರಾಗ ಚೆನ್ನಾಗಿತ್ತಪ್ಪ, ಆದರೆ ನೀನು ನಗಬಾರದಿತ್ತು" ಎಂದರು. ಮಗುವಿನ ಸಾವಿನ ಎದುರು ನಿಂತ ತಂದೆ ತಾಯಿಯ ಹಾಡು ಅದು, ಬೇಂದ್ರೆ ದಂಪತಿಗಳು ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು ಎಂದು ಹೇಳಿದರು. ನನ್ನ ಕಿವಿ ಬಿಸಿಯಾಯಿತು. ಮನೆಗೆ ಬಂದವನು ಅಮ್ಮನನ್ನು ಕೇಳುವ ಧೈರ್ಯವಿಲ್ಲದೆ ದೊಡ್ಡಮ್ಮನ ಬಳಿ ಹೋದೆ. ಅವರು ಹೂವು ಕಟ್ಟುತ್ತಲೇ ಹೇಳಿದರು: "ನಿನಗಿಂತ ಮುಂಚೆ ಒಂದು ಗಂಡು ಮಗು ಇತ್ತು ಕಣೋ. ಎಂಟು ತಿಂಗಳಿನದು. ವಾಂತಿ ಭೇದಿ ಶುರುವಾಗಿ ಒಂದೇ ರಾತ್ರಿಗೆ ಹೋಯ್ತು. ನಿಮ್ಮಪ್ಪ ಕೆಲಸದ ಮೇಲೆ ಸಾಗರಕ್ಕೆ ಹೋಗಿದ್ರು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದ್ರು. ನಿಮ್ಮಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ. ಬಾಗಿಲಲ್ಲಿ ನಿಂತವರನ್ನ ಸುಮ್ಮನೆ ನೋಡಿದಳು, ಅಷ್ಟೆ."

ಇಪ್ಪತ್ತು ವರ್ಷ ಅವರಿಬ್ಬರೂ ಆ ವಿಷಯ ಎತ್ತಿರಲಿಲ್ಲ. ರೇಡಿಯೋ ಒಂದೇ ಆಗಾಗ ಎತ್ತುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಒಂದು ಸಂಜೆ ಅಮ್ಮನೇ, "ಆ ಬೇಂದ್ರೆ ಹಾಡಿದೆಯಲ್ಲ, ಹಾಕೋ" ಎಂದರು. ಹಾಕಿದೆ. ಅವತ್ತು ಎದ್ದು ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ, "ಅವತ್ತು ನಾನೂ ಒಂದು ಮಾತಾಡಬೇಕಿತ್ತು. ಪಾಪ, ಅವರಿಗೂ ಮಗನೇ ಅಲ್ವಾ" ಎಂದರು. ಐದನೇ ಹಾಡು ಯಾವುದೆಂದು ಆ ಹುಡುಗನಿಗೆ ಹೇಳಲಾರದೆ ಹೋದದ್ದು ಇದಕ್ಕೆ.

ವಯಸ್ಸಾದವರಿಗೆ ಬದುಕಿನ ಬೇರೆ ಕಾಲಕ್ಕಿಂತ ಹರೆಯದ ದಿನಗಳ ನೆನಪು ಹೆಚ್ಚು ದಟ್ಟವಾಗಿರುತ್ತದೆ ಎಂದು ಮನಃಶಾಸ್ತ್ರಜ್ಞರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಕೇಳಿದ ಹಾಡುಗಳೂ ಹಾಗೆಯೇ ಉಳಿಯುತ್ತವೆ. ಮರೆವಿನ ಕಾಯಿಲೆಯಿಂದ ಮನೆಯವರ ಹೆಸರನ್ನೇ ಮರೆತ ಹಿರಿಯರು ಹಳೆಯ ಹಾಡನ್ನು ತಪ್ಪಿಲ್ಲದೆ ಗುನುಗುವುದೂ ಉಂಟು. "ನಮ್ಮ ಕಾಲದ ಹಾಡಿನಂಥ ಹಾಡು ಈಗೆಲ್ಲಿ?" ಎಂದು ನಾವು ಗೊಣಗುವಾಗ ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಮಕ್ಕಳ ಆ ಕಾಲ ಈಗ ನಡೆಯುತ್ತಿದೆ.

ನನ್ನ ಮಗಳು ಹಾಸ್ಟೆಲ್ಲಿನಿಂದ ರಜೆಗೆ ಬಂದಾಗಲೆಲ್ಲ ಮೊಬೈಲಿನಲ್ಲಿ ಒಂದೇ ಹಾಡನ್ನು ಹಾಕಿಕೊಂಡು ಕೂರುತ್ತಿದ್ದಳು. ನನಗೆ ಅದರಲ್ಲಿ ತಮಟೆಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. "ಸೌಂಡ್ ಕಮ್ಮಿ ಮಾಡೇ" ಎನ್ನುವುದೇ ನನ್ನ ವಿಮರ್ಶೆ. ಕಳೆದ ಸಲ ಏನನ್ನಿಸಿತೋ, ಪಕ್ಕದಲ್ಲಿ ಕುಳಿತು, "ಇದ್ಯಾಕೆ ನಿನಗೆ ಅಷ್ಟು ಇಷ್ಟ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಪ್ಪ, ಎರಡನೇ ಸೆಮಿಸ್ಟರಿನಲ್ಲಿ ನನಗೆ ಒಂದು ಸಬ್ಜೆಕ್ಟ್ ಹೋಗಿತ್ತು. ನಿಮಗೆ ಹೇಳಲಿಲ್ಲ. ಆ ತಿಂಗಳು ದಿನಾ ರಾತ್ರಿ ಇದನ್ನ ಕೇಳಿಕೊಂಡು ಮಲಗ್ತಿದ್ದೆ. ಆಮೇಲೆ ಬರೆದು ಪಾಸ್ ಮಾಡಿದೆ."

ಆ ಒಂದು ತಿಂಗಳು ಅವಳ ಜೊತೆಗಿದ್ದದ್ದು ನಾನಲ್ಲ, ಆ ತಮಟೆಯ ಹಾಡು. ಅವಳಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಹಾಡನ್ನು ಇನ್ನೊಮ್ಮೆ ಹಾಕು ಎಂದೆ. ಈ ಸಲ ಮಾತುಗಳೂ ಒಂದಿಷ್ಟು ಕೇಳಿಸಿದವು.

ಹೆತ್ತವರಿಗೆ ನನ್ನದೊಂದು ಮನವಿ. ಮಗ ಅಥವಾ ಮಗಳು ಒಂದೇ ಹಾಡನ್ನು ನೂರು ಸಲ ಕೇಳುತ್ತಿದ್ದರೆ, ಒಂದು ಸಲ ಪಕ್ಕದಲ್ಲಿ ಕುಳಿತು ಯಾಕೆ ಎಂದು ಕೇಳಿ. ಹೇಳದಿದ್ದರೆ ಬಲವಂತ ಬೇಡ, ಹಾಡು ಮುಗಿಯುವ ತನಕ ಸುಮ್ಮನೆ ಕುಳಿತರೂ ಸಾಕು. ಮಕ್ಕಳೇ, ನಿಮಗೂ ಅಷ್ಟೆ. ಯಾವ ಹಾಡು ಬಂದಾಗ ಅಮ್ಮ ಎದ್ದು ಹೋಗುತ್ತಾರೆ, ಯಾವುದಕ್ಕೆ ಅಪ್ಪ ಓದುತ್ತಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ ಎಂಬುದನ್ನು ಗಮನಿಸಿ. ಕೇಳುವುದಕ್ಕೆ ಇಪ್ಪತ್ತು ವರ್ಷ ಕಾಯಬೇಡಿ.